ಪದ ಪರಿಚಯ: ಕಾಂಪ್ಯಾಕ್ಟ್ ಎಸ್‌ಯುವಿ ಅಂದ್ರೆ ಯಾವುದು?

ಪುಣೆಯಲ್ಲಿ ಮನೆಗೊಂದು ಕಾರು ತಗೋಬೇಕು ಅಂತ ಶುರು ಮಾಡಿದರೆ ಮೊದಲು ಕಿವಿಗೆ ಬೀಳುವ ಮಾತು ‘ಕಾಂಪ್ಯಾಕ್ಟ್ ಎಸ್‌ಯುವಿ’. ಒಂದು ಶೋರೂಮಿನಲ್ಲಿ ನೆಕ್ಸಾನ್ ತೋರಿಸಿ ಹಾಗನ್ನುತ್ತಾರೆ. ರಸ್ತೆ ದಾಟಿ ಇನ್ನೊಂದಕ್ಕೆ ಹೋದರೆ ಕ್ರೆಟಾಗೂ ಅದೇ ಹೆಸರು. ಮೊದಲನೆಯದು 3,995 ಮಿಲಿಮೀಟರ್ ಉದ್ದ, ಎರಡನೆಯದು 4,330. ಅಂದರೆ ಒಂದಡಿಗಿಂತ ಜಾಸ್ತಿ ವ್ಯತ್ಯಾಸ. ಬೆಲೆಯ ವ್ಯತ್ಯಾಸ ಲಕ್ಷಗಳಲ್ಲಿ. ಹಾಗಾದರೆ ಈ ಹೆಸರು ನಿಜವಾಗಿ ಯಾವುದಕ್ಕೆ ಸೇರಬೇಕು?

ಈಗ ಕಾರು ವ್ಯಾಪಾರದಲ್ಲಿರುವವರು ಸಾಮಾನ್ಯವಾಗಿ 4 ಮೀಟರಿನೊಳಗಿನ ಉದ್ದದ, ನೋಡೋಕೆ ಎತ್ತರವಾಗಿರುವ ಕಾರಿಗೆ ಕಾಂಪ್ಯಾಕ್ಟ್ ಎಸ್‌ಯುವಿ ಅನ್ನುತ್ತಾರೆ. ಕೆಲವರು ಅದನ್ನೇ ಸಬ್ ಫೋರ್ ಮೀಟರ್ ಅನ್ನುತ್ತಾರೆ. ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ ಇವೆಲ್ಲ ಮಿಡ್‌ಸೈಜ್. ಪಂಚ್, ಎಕ್ಸ್‌ಟರ್ ತರದವು ಇನ್ನೂ ಚಿಕ್ಕವು, ಅವಕ್ಕೆ ಮೈಕ್ರೋ ಅಂತ ಹೆಸರು. ಆದರೆ ಈ 4 ಮೀಟರಿನ ಗೆರೆ ಎಳೆದದ್ದು ಎಂಜಿನಿಯರ್‌ಗಳಲ್ಲ, ತೆರಿಗೆ ಇಲಾಖೆ. ಇದೊಂದು ವಿಷಯ ಗೊತ್ತಿದ್ದರೆ ಟೆಸ್ಟ್ ಡ್ರೈವ್‌ನಲ್ಲಿ ಏನು ನೋಡಬೇಕು ಅನ್ನೋದು ತಾನಾಗಿ ತಿಳಿಯುತ್ತದೆ.

2006ರ ಕೇಂದ್ರ ಬಜೆಟ್‌ನಲ್ಲಿ ಸಣ್ಣ ಕಾರುಗಳ ಮೇಲಿನ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಸಣ್ಣ ಕಾರು ಅಂದರೆ ಯಾವುದು ಅಂತ ಆಗಲೇ ಹೇಳಿದರು: ಉದ್ದ 4,000 ಮಿಲಿಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲ್ ಆದರೆ 1,200 ಸಿಸಿ, ಡೀಸೆಲ್ ಆದರೆ 1,500 ಸಿಸಿ ದಾಟಬಾರದು. ಅಲ್ಲಿಂದ ಕಂಪನಿಗಳು ಟೇಪು ಹಿಡಿದು ಕೂತವು. ಟಾಟಾದವರು ಇಂಡಿಗೋ ಸೆಡಾನಿನ ಬಾಲ ಮೊಟಕು ಮಾಡಿ 2008ರಲ್ಲಿ ಇಂಡಿಗೋ ಸಿಎಸ್ ತಂದರು. ಮರುವರ್ಷ ಚಿಂಚ್‌ವಡದ ಪ್ರೀಮಿಯರ್ ಕಂಪನಿಯಿಂದ ರಿಯೋ ಅನ್ನೋ ಪುಟ್ಟ ಎಸ್‌ಯುವಿ ಬಂತು. ಅದನ್ನು ಈಗ ನೆನಪಿಟ್ಟವರು ಕಮ್ಮಿ. 2012ರಲ್ಲಿ ಮಹೀಂದ್ರಾದವರು ನಾಲ್ಕೂವರೆ ಮೀಟರ್ ಉದ್ದದ ಝೈಲೋವನ್ನು ಹಿಂದಿನಿಂದ ಕತ್ತರಿಸಿ ಕ್ವಾಂಟೋ ಮಾಡಿದರು. ನೋಡೋಕೆ ಕತ್ತರಿಸಿದ ಹಾಗೇ ಇತ್ತು. ಜನಕ್ಕೆ ಈ ರುಚಿ ಹತ್ತಿಸಿದ್ದು 2013ರ ಫೋರ್ಡ್ ಇಕೋಸ್ಪೋರ್ಟ್. ಆಮೇಲೆ 2016ರಲ್ಲಿ ಬ್ರೆಝಾ, 2017ರಲ್ಲಿ ನೆಕ್ಸಾನ್, 2019ರಲ್ಲಿ ವೆನ್ಯೂ, 2020ರಲ್ಲಿ ಸೋನೆಟ್ ಸಾಲಾಗಿ ಬಂದವು. ಇವುಗಳಲ್ಲಿ ಪುಣೆಯ ಮಣ್ಣಿನವೂ ಇವೆ. ನೆಕ್ಸಾನ್ ತಯಾರಾಗೋದು ರಾಂಜಣಗಾಂವ್‌ನಲ್ಲಿ, ಸ್ಕೋಡಾ ಕೈಲಾಕ್ ಚಾಕಣ್‌ನಲ್ಲಿ.

ಜಿಎಸ್‌ಟಿ ಬಂದ ಮೇಲೂ ಆ ಗೆರೆ ಅಳಿಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನ ಕಾರಿಗೆ ಶೇ. 18, ಹೊರಗಿನದಕ್ಕೆ ಶೇ. 40. ಕಂಪನಿಗಳ ಸ್ಪೆಕ್ ಶೀಟ್ ತೆಗೆದು ನೋಡಿದರೆ ನಗು ಬರುತ್ತದೆ. ಉದ್ದ 3,990, 3,995. ಪೆಟ್ರೋಲ್ ಎಂಜಿನ್ 1,197, 1,199. ಡೀಸೆಲ್ 1,493, 1,497. ಎಲ್ಲರೂ ಗೆರೆಗೆ ಮೂಗು ತಾಗಿಸಿ ನಿಂತಿದ್ದಾರೆ. ಬ್ರೆಝಾ ಒಂದು ಬೇರೆ ದಾರಿ ಹಿಡಿಯಿತು. ಅದರ ಉದ್ದ 3,995 ಆದರೂ ಪೆಟ್ರೋಲ್ ಎಂಜಿನ್ 1,462 ಸಿಸಿ. ಹಾಗಾಗಿ ಹೆಸರಿನಲ್ಲಿ ಕಾಂಪ್ಯಾಕ್ಟ್, ತೆರಿಗೆ ಶೇ. 40.

ಇನ್ನು ‘ಎಸ್‌ಯುವಿ’ ಅನ್ನೋ ಭಾಗ. ಇದರಲ್ಲಿ ಹೇಳೋಕೆ ಜಾಸ್ತಿ ಇಲ್ಲ. ಇವು ಬಹುತೇಕ ಎತ್ತರ ಮಾಡಿದ ಹ್ಯಾಚ್‌ಬ್ಯಾಕ್‌ಗಳೇ. ಎಂಜಿನ್ ತಿರುಗಿಸೋದು ಮುಂದಿನ ಚಕ್ರಗಳನ್ನು ಮಾತ್ರ, ಅಡಿಯಲ್ಲಿ ಜೀಪಿನಂಥ ಚಾಸಿ ಇರೋದಿಲ್ಲ. ತಮಾಷೆ ಅಂದರೆ ಮೂರು ಬಾಗಿಲಿನ ಥಾರ್, ಐದು ಬಾಗಿಲಿನ ಜಿಮ್ನಿ ಕೂಡ 3,985 ಮಿಲಿಮೀಟರ್ ಉದ್ದದವೇ, ಅವು ನಿಜವಾದ ಕಾಡುಮೇಡಿನ ಗಾಡಿಗಳು. ಆದರೆ ಸಂಸಾರದ ಕಾರಿನ ಪಟ್ಟಿಯಲ್ಲಿ ಯಾರೂ ಅವನ್ನು ಸೇರಿಸೋದಿಲ್ಲ.

ಸರಿ, 4 ಮೀಟರಿನೊಳಗೆ ತೂರಿಸಬೇಕು ಅಂದಾಗ ಕತ್ತರಿ ಎಲ್ಲಿ ಬೀಳುತ್ತದೆ? ಮೊಣಕಾಲಿನ ಜಾಗಕ್ಕೆ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಗೇ ಆಗಬೇಕು ಅಂತೇನಿಲ್ಲ. ಮುಂದಿನ ಚಕ್ರದಿಂದ ಹಿಂದಿನ ಚಕ್ರದ ತನಕದ ಅಂತರಕ್ಕೆ ವೀಲ್‌ಬೇಸ್ ಅನ್ನುತ್ತಾರೆ, ಒಳಗಿನ ಜಾಗ ಮುಖ್ಯವಾಗಿ ಸಿಗೋದು ಅಲ್ಲಿ. ಮಹೀಂದ್ರಾ ಎಕ್ಸ್‌ಯುವಿ 3ಎಕ್ಸ್‌ಒದ ವೀಲ್‌ಬೇಸ್ 2,600 ಮಿಲಿಮೀಟರ್, ಕ್ರೆಟಾದ್ದು 2,610. ಬರೀ 10 ಮಿಲಿಮೀಟರ್ ವ್ಯತ್ಯಾಸ! ಉಳಿದ 33 ಸೆಂಟಿಮೀಟರ್ ಎಲ್ಲಿ ಹೋಯಿತು? ಮೂಗಿನಲ್ಲಿ ಮತ್ತು ಡಿಕ್ಕಿಯಲ್ಲಿ. ಅದೇ ನೆಕ್ಸಾನಿನ ವೀಲ್‌ಬೇಸ್ 2,498, ಕೈಲಾಕ್‌ದು 2,566. ಒಂದೇ ಗುಂಪಿನ ಕಾರುಗಳಲ್ಲೇ 10 ಸೆಂಟಿಮೀಟರ್ ಹೆಚ್ಚುಕಮ್ಮಿ. ಅಗಲಕ್ಕಂತೂ ಈ ತೆರಿಗೆಯ ಗೆರೆಯಲ್ಲಿ ಮಿತಿಯೇ ಇಲ್ಲ, ಹಾಗಾಗಿ ನೆಕ್ಸಾನ್ ಕ್ರೆಟಾಗಿಂತ ಸ್ವಲ್ಪ ಅಗಲವೇ ಇದೆ. ‘ಕಾಂಪ್ಯಾಕ್ಟ್’ ಅನ್ನೋ ಹೆಸರು ಕೇಳಿ ಹಿಂದೆ ಮೂವರು ಕೂರೋದಿಲ್ಲ ಅಂತ ತೀರ್ಮಾನ ಮಾಡಬೇಡಿ. ಕೂರುತ್ತಾರೆ ಅಂತಲೂ ನಂಬಬೇಡಿ.

ನಂಬೋದಕ್ಕೆ ಮುಂಚೆ ಕೂತು ನೋಡಬೇಕು. ನಮ್ಮ ಪಕ್ಕದ ಮನೆಯವರು ಧಾರವಾಡದ ಕಡೆಯವರು, ಕೊಥ್ರೂಡ್‌ನಲ್ಲಿ ನೆಲೆಸಿ ಬಹಳ ವರ್ಷ ಆಯಿತು. ಮಗ ಟೆಸ್ಟ್ ಡ್ರೈವ್‌ಗೆ ಹೊರಟಾಗ ಅವನ ತಾಯಿ, ನಾವು ಕಾಕೂ ಅನ್ನೋರು, ಅವರೂ ಜೊತೆಗೆ ಹೊರಟರು, ನನ್ನನ್ನೂ ಹತ್ತಿಸಿಕೊಂಡರು. ಹಿಂದಿನ ಸೀಟಿನಲ್ಲಿ ಕೂತವರೇ ಕಾಕೂ ಸೀಟಿನ ಅಂಚು ಎಲ್ಲಿಗೆ ಮುಗಿಯುತ್ತದೆ ಅಂತ ಅಂಗೈ ಇಟ್ಟು ನೋಡಿದರು. ತೊಡೆ ಅರ್ಧ ಗಾಳಿಯಲ್ಲಿತ್ತು. “ಅಲ್ಲೋ ತಮ್ಮಾ, ಇದರಾಗ ಮೊಣಕಾಲ ಮ್ಯಾಲ ಎತ್ತಿಟ್ಟಂಗ ಆಗ್ತದ. ಧಾರವಾಡ ಮಟ ಹೆಂಗ ಕುಂದರಲಿ?” ಅಂದರು. ಮುಂದೆ ಕೂತಿದ್ದ ಸೇಲ್ಸ್ ಹುಡುಗ ಏನೋ ಹೊಗಳಿಕೆ ಅಂದುಕೊಂಡು, “ಹೌದು ಆಂಟಿ, ಸನ್‌ರೂಫ್ ಕೂಡ ಇದೆ” ಅಂತ ಹಿಂದಿಯಲ್ಲಿ ಹೇಳಿ ಗುಂಡಿ ಒತ್ತಿದ. ಅದೇ ದಿನ ನೋಡಿದ ಎರಡನೇ ಕಾರಿನಲ್ಲಿ ಮೊಣಕಾಲಿನ ಮುಂದೆ ಜಾಗ ಕಮ್ಮಿ ಇತ್ತು, ಆದರೆ ಸೀಟು ಎತ್ತರದಲ್ಲಿತ್ತು, ತೊಡೆಗೆ ಪೂರ್ತಿ ಆಸರೆ ಇತ್ತು. ಕಾಕೂ ಅದರಿಂದ ಇಳಿಯುವಾಗ ಬಾಗಿಲು ಹಿಡಿಯಲೇ ಇಲ್ಲ. ಇದು ಯಾವ ಸ್ಪೆಕ್ ಶೀಟಿನಲ್ಲೂ ಸಿಗೋದಿಲ್ಲ.

ಡಿಕ್ಕಿಯ ಲೀಟರ್ ಲೆಕ್ಕವೂ ಹಾಗೇ. ಕೆಲವರು ಡಿಕ್ಕಿಯ ಮೇಲೆ ಮುಚ್ಚುವ ಪಾರ್ಸಲ್ ಟ್ರೇ ತನಕ ಅಳೆಯುತ್ತಾರೆ, ಕೆಲವರು ಸೂರಿನ ತನಕ. ಒಬ್ಬರ ಅಂಕಿಯನ್ನು ಇನ್ನೊಬ್ಬರದ್ದಕ್ಕೆ ಹೋಲಿಸಿದರೆ ಏನೂ ಗೊತ್ತಾಗೋದಿಲ್ಲ. ಮನೆಯ ದೊಡ್ಡ ಸೂಟ್‌ಕೇಸ್ ಒಂದನ್ನು ಶೋರೂಮಿಗೆ ಒಯ್ಯಿರಿ. ನಾಚಿಕೆ ಬೇಡ. ಊರಿಂದ ವಾಪಸ್ ಬರುವಾಗ ಜೋಳದ ಹಿಟ್ಟಿನ ಚೀಲ, ಶೇಂಗಾ ಚಟ್ನಿ ಡಬ್ಬಿ, ಅವ್ವ ತುರುಕಿದ ಇನ್ನೇನೇನೋ ಇರುತ್ತದೆ ಅಲ್ವಾ? ಡಿಕ್ಕಿ ತುಟಿ ಎಷ್ಟು ಎತ್ತರ ಇದೆ, ಚೀಲ ಎತ್ತಿ ಹಾಕೋಕೆ ಸೊಂಟ ಎಷ್ಟು ಬಗ್ಗಬೇಕು ಅನ್ನೋದನ್ನೂ ನೋಡಿಕೊಳ್ಳಿ.

ತೆರಿಗೆಯ ಗೆರೆ ಇನ್ನೊಂದು ಕಡೆ ಕಾಣಿಸಿಕೊಳ್ಳೋದು ಎಂಜಿನ್‌ನಲ್ಲಿ. ಪೆಟ್ರೋಲಿಗೆ 1,200 ಸಿಸಿ ಮೀರುವಂತಿಲ್ಲ, ಆದರೆ ಕಾರು ಭಾರ. ಅದಕ್ಕೇ ಬಹಳ ಕಂಪನಿಗಳು ಮೂರು ಸಿಲಿಂಡರಿನ ಸಣ್ಣ ಎಂಜಿನಿಗೆ ಟರ್ಬೋ ಕೂರಿಸಿವೆ. ಹೊಗೆಯ ಒತ್ತಡದಿಂದ ತಿರುಗುವ ಫ್ಯಾನು ಎಂಜಿನಿಗೆ ಜಾಸ್ತಿ ಗಾಳಿ ತುಂಬುತ್ತದೆ, ಬಲ ಬರುತ್ತದೆ. ಆದರೆ ಎಂಜಿನ್ ಸುಮಾರು 1,500ರಿಂದ 1,800 ಆರ್‌ಪಿಎಂ ಮುಟ್ಟುವ ತನಕ ಆ ಫ್ಯಾನಿಗೆ ಜೋರು ಇರೋದಿಲ್ಲ. ಒಂದು ಕ್ಷಣ ಸುಮ್ನೆ ಇದ್ದು ಆಮೇಲೆ ದಬ್ಬಿದ ಹಾಗೆ ಮುಂದೆ ನುಗ್ಗುತ್ತದೆ. ಇದಕ್ಕೆ ಟರ್ಬೋ ಲ್ಯಾಗ್ ಅನ್ನುತ್ತಾರೆ. ಶೋರೂಮಿನ ಮುಂದಿನ ಖಾಲಿ ರಸ್ತೆಯಲ್ಲಿ ಇದು ಗೊತ್ತೇ ಆಗೋದಿಲ್ಲ. ಗೊತ್ತಾಗೋದು ಸಂಜೆ ಹಿಂಜೆವಾಡಿಯ ಸಾಲಿನಲ್ಲಿ ಎರಡನೇ ಗೇರಿನಲ್ಲಿ ತೆವಳುವಾಗ, ಇಲ್ಲವೇ ನವಲೆ ಸೇತುವೆ ಕಡೆಯಿಂದ ಕಾತ್ರಜ್ ಹೊಸ ಸುರಂಗಕ್ಕೆ ಏರುವಾಗ ಮುಂದಿನ ಲಾರಿ ನಿಧಾನ ಮಾಡಿದರೆ. ಸಾಧ್ಯ ಆದರೆ ಕಾತ್ರಜ್ ಹಳೆ ಘಾಟಿಗೆ ಒಯ್ಯಿರಿ. ಬೆಳಗಾವಿ, ಹುಬ್ಬಳ್ಳಿ ದಾರಿಯಲ್ಲಿ ಖಂಬಾಟ್ಕಿ ಘಾಟು ಇದ್ದೇ ಇದೆ. 

ಆಟೋಮ್ಯಾಟಿಕ್ ನೋಡುವವರಿಗೆ ಈ ಏರು ಇನ್ನೂ ಮುಖ್ಯ. ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತೋದು ಯಂತ್ರ. ಅಗ್ಗ, ಮೈಲೇಜ್ ಚೆನ್ನಾಗಿದೆ, ಆದರೆ ಗೇರ್ ಬದಲಾಗುವಾಗ ತಲೆ ತೂಗುತ್ತದೆ. ಹಿಂದಿನ ಸೀಟಿನ ಮಗುವಿಗೆ ಘಾಟಿನಲ್ಲಿ ವಾಂತಿ ಬರುವ ಅಭ್ಯಾಸ ಇದ್ದರೆ ನಾನಂತೂ ಎಎಂಟಿ ಬೇಡ ಅನ್ನುತ್ತೇನೆ. ಟಾರ್ಕ್ ಕನ್ವರ್ಟರ್, ಅಂದರೆ ಕ್ಲಚ್ ಬದಲು ಎಣ್ಣೆಯ ಮೂಲಕ ಬಲ ಸಾಗಿಸುವ ಆಟೋಮ್ಯಾಟಿಕ್, ನಯವಾಗಿರುತ್ತದೆ. ಎರಡು ಕ್ಲಚ್ ಇರುವ ಡಿಸಿಟಿ ಚುರುಕು, ಆದರೆ ಇಂಚು ಇಂಚು ಸರಿಯುವ ಟ್ರಾಫಿಕ್ಕಿನಲ್ಲಿ ಬಿಸಿಯಾಗುವ ಸಾಧ್ಯತೆ ಜಾಸ್ತಿ.

ಟೆಸ್ಟ್ ಡ್ರೈವ್‌ಗೆ ಕೊಡುವ ಡೆಮೋ ಕಾರು ಸಾಮಾನ್ಯವಾಗಿ ಟಾಪ್ ಮಾಡೆಲ್. ದೊಡ್ಡ ಅಲಾಯ್ ಚಕ್ರ, ತೆಳು ಟೈರು, ಸನ್‌ರೂಫ್. ನೀವು ಕೊಳ್ಳೋದು ನಡುವಿನ ಮಾಡೆಲ್ ಆದರೆ ಗುಂಡಿಯಲ್ಲಿ ಬೀಳುವ ಏಟು ಬೇರೆ, ತಲೆ ಮೇಲಿನ ಜಾಗ ಬೇರೆ. ಯಾವ ಮಾಡೆಲ್ ಕೊಳ್ಳುತ್ತೀರೋ ಅದನ್ನೇ ಕೇಳಿ, ಇಲ್ಲ ಅಂದರೆ ವ್ಯತ್ಯಾಸ ಏನೇನು ಅಂತ ಬರೆಸಿಕೊಳ್ಳಿ. ಇನ್ನೊಂದು ಮಾತು, ಒಬ್ಬರೇ ಓಡಿಸಿ ಬರಬೇಡಿ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ, ಎಷ್ಟೇ ಹೇಳಲಿ, ಐದು ಜನ ಕೂತರೆ ಕಾರು ತಗ್ಗುತ್ತದೆ. ಸೊಸೈಟಿಯ ರ‍್ಯಾಂಪ್ ಇಳಿಯುವ ತಿರುವಿನಲ್ಲಿ ಹೊಟ್ಟೆ ಉಜ್ಜುತ್ತದೋ ಇಲ್ಲವೋ ಅನ್ನೋದು ತುಂಬಿದ ಕಾರಿನಲ್ಲೇ ನೋಡುವ ವಿಷಯ. ಹೋಲಿಸುವ ಎಲ್ಲ ಕಾರುಗಳನ್ನೂ ಅದೇ ರಸ್ತೆಯಲ್ಲಿ, ಅದೇ ಜನರನ್ನು ಕೂರಿಸಿಕೊಂಡು ಓಡಿಸಿದರೆ ಮಾತ್ರ ಅದು ಹೋಲಿಕೆ.

ಓಡಿಸಿದರೂ ಗೊತ್ತಾಗದ ಎರಡು ವಿಷಯ ಇವೆ. ಒಂದು ಅಪಘಾತದ ಸುರಕ್ಷತೆ. 2018ರಲ್ಲಿ ನೆಕ್ಸಾನ್, ಕಾರನ್ನು ಡಿಕ್ಕಿ ಹೊಡೆಸಿ ಅಂಕ ಕೊಡುವ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ 5 ಸ್ಟಾರ್ ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ. ದೊಡ್ಡವರದ್ದು, ಮಕ್ಕಳದ್ದು ಎರಡೂ ಅಂಕ ಬೇರೆ ಬೇರೆ ಕೊಡುತ್ತಾರೆ, ಎರಡನ್ನೂ ನೋಡಿ. ಇನ್ನೊಂದು ಮೈಲೇಜ್. ಪುಣೆಯ ವೇತಾಳ ಟೇಕಡಿ ಗುಡ್ಡದ ಮೇಲಿರುವ, ವಾಹನ ಪರೀಕ್ಷಿಸುವ ಎಆರ್‌ಎಐ ಸಂಸ್ಥೆಯ ಹೆಸರಿನಲ್ಲಿ ಕಂಪನಿಗಳು ಹೇಳುವ ಅಂಕಿ ಪ್ರಯೋಗಾಲಯದ ರೋಲರ್ ಮೇಲೆ ಓಡಿಸಿ ಅಳೆದದ್ದು. ಸಿಂಹಗಡ ರೋಡಿನ ಸಿಗ್ನಲ್ ಅಲ್ಲಿ ಇರೋದಿಲ್ಲ.

ಊರಿಗೆ ಮೂರು ಸೂಟ್‌ಕೇಸ್ ಹೊತ್ತು ಪದೇ ಪದೇ ಹೋಗುವ ಐದು ಜನರ ಮನೆಗೆ ನಾನು ಹೇಳೋದು ಮಿಡ್‌ಸೈಜ್, ತೆರಿಗೆ ಜಾಸ್ತಿ ಕೊಟ್ಟಾದರೂ. ನಾಲ್ಕು ಜನ, ದಿನವೂ ಊರೊಳಗಿನ ಓಡಾಟ ಅಂದರೆ 4 ಮೀಟರೇ ಸರಿ. ಎರಡರಲ್ಲಿ ಯಾವುದಾದರೂ ಸರಿ, ಬುಕ್ಕಿಂಗ್ ಹಣ ಕೊಡೋದಕ್ಕೆ ಮುಂಚೆ ನಿಮ್ಮ ಸೊಸೈಟಿಯಲ್ಲಿ ಒಂದರ ಮೇಲೊಂದು ಕಾರು ನಿಲ್ಲಿಸುವ ಸ್ಟ್ಯಾಕ್ ಪಾರ್ಕಿಂಗ್ ಇದ್ದರೆ ಅದರ ಮೇಲಿನ ಫಲಕ ಓದಿ. ಕೆಲವು ಕಡೆ ಕೆಳಗಿನ ತಟ್ಟೆ ಸೆಡಾನ್ ಎತ್ತರಕ್ಕೆ ಮಾತ್ರ ಮಾಡಿರುತ್ತಾರೆ. ಉದ್ದದಲ್ಲಿ ಕಾಂಪ್ಯಾಕ್ಟ್ ಆದ ನೆಕ್ಸಾನ್ ಎತ್ತರದಲ್ಲಿ 1,620 ಮಿಲಿಮೀಟರ್, ಬ್ರೆಝಾ 1,685. ಸೇಲ್ಸ್ ಹುಡುಗನಿಗೆ ಇದು ಗೊತ್ತಿರೋದಿಲ್ಲ, ವಾಚ್‌ಮನ್‌ಗೆ ಗೊತ್ತಿರುತ್ತದೆ.