ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಕಾರು ತಗ್ಗಿಸಬಹುದೇ?

ಪ್ರಶ್ನೆ: "ಅಣ್ಣಾ, ನನ್ನದು ಕೆಎಲ್ 14ರ (ಕಾಸರಗೋಡು ನೋಂದಣಿಯ) ಹಳೆಯ ಸ್ವಿಫ್ಟ್. ಒಂದೂವರೆ ಇಂಚು ತಗ್ಗಿಸಬೇಕೂಂತ ಆಸೆ. ರೆಡಿ ಸಿಗುವ ಲೋವರಿಂಗ್ ಸ್ಪ್ರಿಂಗಿಗೆ ದುಡ್ಡು ಜಾಸ್ತಿ. ಗ್ರೈಂಡರಿನಲ್ಲಿ ಒಂದೊಂದು ಸುತ್ತು ಕಟ್ ಮಾಡಿದ್ರೆ ಸಾಕು, ಏನೂ ಆಗುದಿಲ್ಲ ಅಂತ ಎಲ್ಲರೂ ಹೇಳ್ತಾರೆ. ಮನೆಯಲ್ಲೇ ಮಾಡಬಹುದಾ?"

ಮನೆಯಲ್ಲಿ ಮಾಡಬಹುದು. ಕತ್ತರಿಸಿ ಮಾಡಬಾರದು. ಎಷ್ಟು ಸಲ ಉತ್ತರ ಕೊಟ್ಟರೂ ಮಳೆಗಾಲ ಮುಗಿದ ಕೂಡಲೇ ಈ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಸಮೇತ ಬರೆಯುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಮೊದಲು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಖಚಿತಪಡಿಸಿತು. ಆ ಪ್ರಕರಣ ಹೋದದ್ದೂ ಕೇರಳದಿಂದಲೇ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕತ್ತರಿಸಿದ ಸ್ಪ್ರಿಂಗ್ ಇರಲಿ, ದುಡ್ಡು ಕೊಟ್ಟು ತಂದ ಸ್ಪ್ರಿಂಗ್ ಇರಲಿ, ಬ್ರೇಕ್ ಇನ್‌ಸ್ಪೆಕ್ಟರಿಗೆ ಎರಡೂ ಒಂದೇ. ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದರೂ ಕಾಯ್ದೆ ಬದಲಾಗುವುದಿಲ್ಲ. ಇದನ್ನು ತಿಳಿದುಕೊಂಡೇ ಮುಂದಿನದ್ದನ್ನು ಓದಿ. ಕುಸಿದ ಹಳೆಯ ಸ್ಪ್ರಿಂಗ್ ತೆಗೆದು ಕಂಪನಿಯದ್ದೇ ಹೊಸತು ಹಾಕುವವರಿಗೂ ಕೆಲಸದ ಕ್ರಮ ಇದೇ.

ಈಗ "ಏನೂ ಆಗುದಿಲ್ಲ" ಎಂಬ ಮಾತಿಗೆ ಬರೋಣ. ಇದರ ಹಿಂದಿರುವ ನಂಬಿಕೆ ಇಷ್ಟೇ: ಲೋವರಿಂಗ್ ಸ್ಪ್ರಿಂಗ್ ಅಂದರೆ ಗಿಡ್ಡ ಸ್ಪ್ರಿಂಗ್, ಕತ್ತರಿಸಿದರೂ ಸ್ಪ್ರಿಂಗ್ ಗಿಡ್ಡವಾಗುತ್ತದೆ, ಅಂದಮೇಲೆ ಎರಡೂ ಒಂದೇ. ಕೇಳಲು ಸರಿ ಅನ್ನಿಸುತ್ತದೆ. ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ.

ದುಂಡು ಅಂಕಿ ತೆಗೆದುಕೊಳ್ಳೋಣ. ನಿಮ್ಮ ಕಾರಿನದ್ದು ಬೇರೆ ಇರುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ. ಎದುರಿನ ಒಂದು ಸ್ಪ್ರಿಂಗಿನ ಮೇಲೆ 300 ಕಿಲೋ ಭಾರ. ಒಂದು ಮಿ.ಮೀ. ಒತ್ತಲು 2 ಕಿಲೋ ಬೇಕು. ಕೆಲಸ ಮಾಡುವ ಸುತ್ತು ಆರು. ಹೊರಗೆ ತೆಗೆದಿಟ್ಟಾಗ ಉದ್ದ 350 ಮಿ.ಮೀ. ಕಾರು ನಿಂತಾಗ ಸ್ಪ್ರಿಂಗ್ 150 ಮಿ.ಮೀ. ಕುಗ್ಗಿ 200ಕ್ಕೆ ನಿಲ್ಲುತ್ತದೆ. ಚಕ್ರ ಪೂರ್ತಿ ಕೆಳಕ್ಕೆ ಜೋತುಬಿದ್ದಾಗ, ಅಂದರೆ ಜಾಕ್ ಹಾಕಿದಾಗ, ಸ್ಪ್ರಿಂಗಿನ ತುದಿಗಳು ಕೂರುವ ತಟ್ಟೆಗಳ, ಅಂದರೆ ಮೇಲಿನ ಸೀಟು ಮತ್ತು ಕೆಳಗಿನ ಸೀಟಿನ ನಡುವೆ 310 ಮಿ.ಮೀ. ಅಂತರವಿದೆ ಎಂದಿಟ್ಟುಕೊಳ್ಳಿ. ಆಗಲೂ ಸ್ಪ್ರಿಂಗ್ 40 ಮಿ.ಮೀ. ಒತ್ತಿಕೊಂಡೇ ಕೂತಿರುತ್ತದೆ. ಈ 40 ಮಿ.ಮೀ. ಅನ್ನು ಮರೆಯಬೇಡಿ.

ಒಂದು ಸುತ್ತು ಕತ್ತರಿಸಿದಿರಿ. ಆರರಲ್ಲಿ ಐದು ಉಳಿಯಿತು. ಉದ್ದ ಸುಮಾರು 292ಕ್ಕೆ ಇಳಿಯಿತು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಟ್ಟಿಯಾಗುತ್ತದೆ. 2 ಕಿಲೋ ಇದ್ದದ್ದು 2.4 ಆಯಿತು. ಅದೇ 300 ಕಿಲೋ ಹೊತ್ತಾಗ ಈಗ 125 ಮಿ.ಮೀ. ಮಾತ್ರ ಕುಗ್ಗಿ 167ಕ್ಕೆ ನಿಲ್ಲುತ್ತದೆ. ಕಾರು ತಗ್ಗಿದ್ದು 33 ಮಿ.ಮೀ. ಬೆಂಚಿನ ಮೇಲೆ 58 ಮಿ.ಮೀ. ಕತ್ತರಿಸಿದರೂ ಇಳಿದದ್ದು ಅಷ್ಟೇ. "ಇನ್ನೂ ಇಳಿಯಲಿಲ್ಲ" ಎಂದು ಮತ್ತೆ ಅರ್ಧ ಸುತ್ತು ಕತ್ತರಿಸುವವರು ಎಡವುವುದು ಇಲ್ಲೇ.

ಈಗ ಜಾಕ್ ಹಾಕಿ ನೋಡಿ. ಸೀಟುಗಳ ನಡುವೆ 310, ಸ್ಪ್ರಿಂಗಿನ ಉದ್ದ 292. ಮೊದಲು 40 ಮಿ.ಮೀ. ಒತ್ತಿ ಕೂತಿದ್ದ ಸ್ಪ್ರಿಂಗ್ ಈಗ 18 ಮಿ.ಮೀ. ಸಡಿಲ. ಕೈಯಲ್ಲಿ ಹಿಡಿದು ತಿರುಗಿಸಬಹುದು. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವಾಗ ಬಸ್ಸಿಗೆ ದಾರಿ ಬಿಡಲು ಎಡಗಡೆಯ ಚಕ್ರವನ್ನು ಡಾಂಬರಿನಿಂದ ಮಣ್ಣಿಗೆ ಇಳಿಸುತ್ತೀರಿ. ಆ ಒಂದು ಕ್ಷಣ ಚಕ್ರ ಜೋತುಬೀಳುತ್ತದೆ, ಸ್ಪ್ರಿಂಗ್ ಸೀಟು ಬಿಟ್ಟು ತುಸು ತಿರುಗುತ್ತದೆ, ಭಾರ ಬಂದಾಗ ಬೇರೆ ಜಾಗದಲ್ಲಿ ಕೂರುತ್ತದೆ. "ಟಕ್" ಎಂಬ ಸದ್ದು ಶುರುವಾಗುವುದು ಹಾಗೆ. ಸ್ವಿಫ್ಟಿನಂಥ ಕಾರುಗಳ ಹಿಂಬದಿ ಇನ್ನೂ ಅಪಾಯ. ಅಲ್ಲಿ ಸ್ಪ್ರಿಂಗ್ ಬೇರೆ, ಶಾಕ್ (ಶಾಕ್ ಅಬ್ಸಾರ್ಬರ್) ಬೇರೆ. ಸ್ಪ್ರಿಂಗನ್ನು ಹಿಡಿದಿಡಲು ನಡುವೆ ಯಾವ ರಾಡೂ ಇಲ್ಲ. ಸಡಿಲವಾದ ಸ್ಪ್ರಿಂಗ್ ಓಡುವ ಗಾಡಿಯಿಂದ ಕಳಚಿ ಬೀಳಬಹುದು.

ಹಾಗಾದರೆ ಸರಿಯಾದ ಲೋವರಿಂಗ್ ಸ್ಪ್ರಿಂಗ್ ಇದನ್ನು ಹೇಗೆ ತಪ್ಪಿಸುತ್ತದೆ? ಅಂಥ ಹಲವು ಸ್ಪ್ರಿಂಗುಗಳ ಒಂದು ತುದಿಯಲ್ಲಿ ಸುತ್ತುಗಳು ಒತ್ತೊತ್ತಾಗಿರುತ್ತವೆ. ಕಾರು ನಿಂತಾಗ ಅವು ಒಂದಕ್ಕೊಂದು ತಾಗಿ ಸುಮ್ಮನಿರುತ್ತವೆ; ಚಕ್ರ ಕೆಳಗಿಳಿದಾಗ ಬಿಚ್ಚಿಕೊಂಡು ಸ್ಪ್ರಿಂಗನ್ನು ಸೀಟಿಗೆ ಒತ್ತಿ ಹಿಡಿಯುತ್ತವೆ. ನೀವು ದುಡ್ಡು ಕೊಡುವುದು ಇದಕ್ಕೆ. ಇದನ್ನು ಗ್ರೈಂಡರ್ ಮಾಡಿಕೊಡುವುದಿಲ್ಲ.

ತುದಿಯ ವಿಷಯವೂ ಇದೆ. ಮೂಲ ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ಹೊಂದುವಂತೆ ಬಾಗಿರುತ್ತದೆ. ಕತ್ತರಿಸಿದ ತುದಿ ಓರೆಯಾಗಿ ಒಂದೇ ಬಿಂದುವಿನಲ್ಲಿ ಚುಚ್ಚುತ್ತದೆ. ರಬ್ಬರ್ ಹರಿಯುತ್ತದೆ, ಸೀಟಿನ ಪೈಂಟ್ ಹೋಗಿ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ. ಗ್ಯಾಸ್ ಕಟರಿನಲ್ಲಿ ಕೆಂಪಗೆ ಕಾಯಿಸಿ ಕೂರಿಸುವವರಿಗೆ ಒಂದೇ ಮಾತು: ಸ್ಪ್ರಿಂಗ್ ಉಕ್ಕಿನ ಹದ ಅಲ್ಲಿಗೆ ಹೋಯಿತು. ಎಡ ಬಲ ಸಮವಾಗಿ ನಿಲ್ಲುವುದಿಲ್ಲ, ದಿನ ಕಳೆದಂತೆ ಇನ್ನೂ ಕುಸಿಯುತ್ತದೆ.

"ಆದರೂ ಗಟ್ಟಿಯಾಯಿತಲ್ಲ, ಅದು ಒಳ್ಳೆಯದೇ ಅಲ್ವಾ?" ಎಂಬುದು ಈ ವಾದದ ಕೊನೆಯ ಗೂಟ. ಅದನ್ನೂ ಕಿತ್ತುಬಿಡೋಣ. ಮೊದಲು ಬಂಪ್ ಸ್ಟಾಪಿಗೆ, ಅಂದರೆ ಚಕ್ರ ಮೇಲೇರುವುದನ್ನು ಕೊನೆಗೆ ತಡೆಯುವ ರಬ್ಬರ್ ತುಂಡಿಗೆ, ತಾಗುವ ತನಕ 70 ಮಿ.ಮೀ. ಆಟ ಇತ್ತು ಅನ್ನಿ. 33 ತಗ್ಗಿದ ಮೇಲೆ ಉಳಿದದ್ದು 37. ಸ್ಪ್ರಿಂಗ್ ಹೀರುವ ಪೆಟ್ಟು ಆ ಆಟದ ವರ್ಗಕ್ಕೆ ತಕ್ಕಂತೆ ಇರುತ್ತದೆ. 20 ಶೇಕಡಾ ಗಟ್ಟಿಯಾದದ್ದನ್ನು ಸೇರಿಸಿ ಲೆಕ್ಕ ಹಾಕಿದರೂ ಮೊದಲು ಹೀರುತ್ತಿದ್ದ ಪೆಟ್ಟಿನ ಮೂರನೇ ಒಂದು ಪಾಲಿಗೇ ಬಂಪ್ ಸ್ಟಾಪ್ ತಾಗುತ್ತದೆ. ಉಳಿದದ್ದು ನೇರ ಸ್ಟ್ರಟ್ಟನ್ನು (ಎದುರಿನ ಸ್ಪ್ರಿಂಗೂ ಶಾಕೂ ಒಟ್ಟಿಗಿರುವ ಕಂಬ) ಮೇಲೆ ಹಿಡಿದಿಡುವ ಮೌಂಟಿಗೆ, ಕಾರಿನ ಮೈಗೆ, ನಿಮ್ಮ ಸೊಂಟಕ್ಕೆ. ಇದು ಡ್ರೈವರ್ ಒಬ್ಬನೇ ಇದ್ದಾಗಿನ ಲೆಕ್ಕ. ಮನೆಯವರೆಲ್ಲ ಹತ್ತಿದರೆ ಆ 37 ಮಿ.ಮೀ. ಕೂಡ ಪೂರ್ತಿ ಉಳಿಯುವುದಿಲ್ಲ.

ಸರಿ, ಕಾರಿಗೆ ಹೊಂದುವ ಸ್ಪ್ರಿಂಗ್ ತಂದಿದ್ದೀರಿ. ಕೆಲಸ ಹೀಗೆ.

ಜಾಗ ಸಿಮೆಂಟ್ ನೆಲ ಆಗಿರಬೇಕು. ಮುರಕಲ್ಲು ಹಾಸಿದ ಅಂಗಳದಲ್ಲಿ, ಮಣ್ಣಿನಲ್ಲಿ ಸ್ಟ್ಯಾಂಡ್ ಓರೆಯಾಗುತ್ತದೆ. ಬರೀ ಜಾಕ್ ನಂಬಿ ಕಾರಿನಡಿಗೆ ಕೈ ಹಾಕಬೇಡಿ. ಎರಡು ಜಾಕ್ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ. ಶುರು ಮಾಡುವ ಮೊದಲು ನಾಲ್ಕೂ ಕಡೆ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ಬರೆದಿಡಿ. ಇಲ್ಲದಿದ್ದರೆ ಎಷ್ಟು ತಗ್ಗಿತು ಎಂದು ಆಮೇಲೆ ಹೇಳಲು ಬರುವುದಿಲ್ಲ.

ಮೊದಲು ಎದುರಿನದ್ದು. ಚಕ್ರ ನೆಲದಲ್ಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಎತ್ತಿ, ಚಕ್ರ ತೆಗೆಯಿರಿ. ಬ್ರೇಕ್ ಹೋಸಿನ ಮತ್ತು ಎಬಿಎಸ್ ವಯರಿನ ಕ್ಲಿಪ್ ಬಿಡಿಸಿ. ಸ್ಟೆಬಿಲೈಸರ್ ಲಿಂಕ್ (ಎಡ ಬಲ ಸೇರಿಸುವ ಅಡ್ಡ ಸರಳಿನ ಕೊಂಡಿ) ಸ್ಟ್ರಟ್ಟಿಗೆ ಸೇರಿದ್ದರೆ ಅದನ್ನೂ ಕಳಚಿ. ಸ್ಟ್ರಟ್ ಮತ್ತು ನಕಲ್ (ಚಕ್ರವನ್ನು ಹೊತ್ತಿರುವ ಗಟ್ಟಿ ಲೋಹದ ತುಂಡು) ಸೇರುವಲ್ಲಿ ಎರಡು ದೊಡ್ಡ ಬೋಲ್ಟ್ ಇವೆ. ಬಿಚ್ಚುವ ಮೊದಲು ಪೈಂಟಿನಿಂದ ಗೆರೆ ಎಳೆದು ಗುರುತು ಮಾಡಿ. ಬಿಚ್ಚಿದ ಮೇಲೆ ನಕಲ್ ಬ್ರೇಕ್ ಹೋಸಿನಲ್ಲಿ ಜೋತಾಡಬಾರದು, ತಂತಿಯಲ್ಲಿ ಕಟ್ಟಿ. ಮೇಲೆ ಬಾನೆಟ್ಟಿನ ಒಳಗೆ ಸುತ್ತಲಿನ ನಟ್ಟುಗಳನ್ನು ಮಾತ್ರ ತೆಗೆಯಿರಿ. ನಡುವಿನ ದೊಡ್ಡ ನಟ್ಟನ್ನು ಈಗ ಮುಟ್ಟಬಾರದು. ಆ 40 ಮಿ.ಮೀ. ನೆನಪಿದೆಯಲ್ಲ? ಅಲ್ಲಿ 80 ಕಿಲೋ ಒತ್ತಡ ಹಾರಲು ಕಾಯುತ್ತಿದೆ.

ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ, ಅಂದರೆ ಸ್ಪ್ರಿಂಗ್ ಕಂಪ್ರೆಸರ್, ಎರಡು ಬೇಕು, ಒಂದಕ್ಕೊಂದು ಸರಿ ಎದುರು. ಆದಷ್ಟು ಹೆಚ್ಚು ಸುತ್ತು ಸಿಗುವಂತೆ ಕೊಕ್ಕೆ ಹಾಕಿ, ಥ್ರೆಡ್ಡಿಗೆ ಗ್ರೀಸ್ ಹಚ್ಚಿ, ಒಂದೊಂದು ಬದಿ ಎರಡೆರಡು ತಿರುವಿನಂತೆ ಕೈಯಲ್ಲೇ ಬಿಗಿಯಿರಿ. ಇಂಪ್ಯಾಕ್ಟ್ ಗನ್ ಬೇಡ. ಸ್ಪ್ರಿಂಗ್ ಸೀಟಿನಲ್ಲಿ ಅಲ್ಲಾಡತೊಡಗಿದ ಮೇಲೆಯೇ ನಡುವಿನ ನಟ್ಟು. ಕಂಪ್ರೆಸ್ ಆದ ಸ್ಪ್ರಿಂಗಿನ ತುದಿಗೆ ಎದುರಾಗಿ ಯಾವತ್ತೂ ಕೂರಬೇಡಿ.

ತೆರೆದಾಗಲೇ ಮೌಂಟ್ ಬೇರಿಂಗ್ ತಿರುಗಿಸಿ ನೋಡಿ. ಗರಗರ ಅಂದರೆ ಬದಲಿಸಿ. ಪುಡಿಪುಡಿಯಾದ ಬಂಪ್ ಸ್ಟಾಪ್, ಹರಿದ ಡಸ್ಟ್ ಕವರ್ ಮತ್ತೆ ಹಾಕಬೇಡಿ. ಎಣ್ಣೆ ಸೋರುವ ಶಾಕಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ಕುಣಿಯುವುದು ನಿಲ್ಲುವುದಿಲ್ಲ. ಹೊಸ ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿನ ಹತ್ತಿರ ಸರಿಯಾಗಿ ಕೂತಿದೆಯೇ ನೋಡಿಯೇ ಕಂಪ್ರೆಸರ್ ಬಿಡಿಸಿ.

ಹಿಂಬದಿ ಸುಲಭ. ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ ಅಡ್ಡತೊಲೆಯಾದ ಬೀಮಿನಡಿಗೆ ಜಾಕ್ ಕೊಟ್ಟು ಎರಡೂ ಶಾಕುಗಳ ಕೆಳಗಿನ ಬೋಲ್ಟ್ ತೆಗೆದು, ಬೀಮನ್ನು ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್ ಎಳೆಯದಂತೆ ನೋಡಿಕೊಳ್ಳಿ. ಕೆಲವು ಹಳೆಯ ಗಾಡಿಗಳಲ್ಲಿ ಹಿಂದಿನ ಆಕ್ಸೆಲ್ಲಿಗೆ ಕೊಂಡಿ ಹಾಕಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಗಾಡಿ ತಗ್ಗಿದರೆ ಅದು ಹಿಂದೆ ಭಾರ ಹೇರಿದ್ದಾರೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕಳಿಸುತ್ತದೆ. ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಲಾಕ್ ಆಗುತ್ತದೆ. ಅದಿದ್ದರೆ ಮರುಹೊಂದಿಸದೆ ಓಡಿಸಬೇಡಿ.

ಕೊನೆಯ ಬಿಗಿತದ ಬಗ್ಗೆ ವರ್ಕ್‌ಶಾಪಿನವರೂ ತಪ್ಪುತ್ತಾರೆ. ರಬ್ಬರ್ ಬುಷ್ ಇರುವ ಬೋಲ್ಟುಗಳನ್ನು ಚಕ್ರ ಜೋತಾಡುವಾಗ ಬಿಗಿಯಬಾರದು. ಕಾರಿನ ಭಾರ ಚಕ್ರದ ಮೇಲೆ ಬಂದ ನಂತರ, ಸರ್ವಿಸ್ ಮ್ಯಾನುವಲ್ಲಿನ ಟಾರ್ಕಿಗೆ ಬಿಗಿಯಿರಿ. ಇಲ್ಲದಿದ್ದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೆಡ್‌ಲೈಟಿನ ಎತ್ತರವನ್ನೂ ಆಗಲೇ ಸರಿ ಮಾಡಿ.

ಹಂಪಿನ ಬಗ್ಗೆ ಒಂದು ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಆ ಅಳತೆಯದ್ದನ್ನು ತಗ್ಗಿದ ಕಾರೂ ದಾಟುತ್ತದೆ, ಏಕೆಂದರೆ ಎದುರಿನ ಮತ್ತು ಹಿಂದಿನ ಚಕ್ರ ಎರಡೂ ಒಟ್ಟಿಗೆ ಹಂಪಿನ ಮೇಲಿರುತ್ತವೆ. ಹೊಟ್ಟೆ ಉಜ್ಜುವುದು ಒಳರಸ್ತೆಗಳಲ್ಲಿ ಕಾಣುವ ಕಿರಿದಾದ, ಚೂಪು ಹಂಪಿಗೆ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ: ತಗ್ಗಿಸಿದ ಮೇಲೆ ಟಯರಿನ ಒಳಬದಿ ಯಾಕೆ ಸವೆಯುತ್ತದೆ? ಎಲ್ಲರೂ ಬೈಯುವುದು ಕ್ಯಾಂಬರಿಗೆ, ಅಂದರೆ ಚಕ್ರ ಒಳಕ್ಕೆ ವಾಲಿದ್ದಕ್ಕೆ. ಹೆಚ್ಚಾಗಿ ತಿನ್ನುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ತಿರುಗಿರುವುದು. ಚಕ್ರವನ್ನು ಕೆಳಗೆ ಹಿಡಿದಿಡುವ ಆರ್ಮಿನದ್ದೂ ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ಟೈ ರಾಡಿನದ್ದೂ ಉದ್ದ ಬೇರೆ ಬೇರೆ, ತಿರುಗುವ ಬಿಂದು ಬೇರೆ ಬೇರೆ. ಕಾರು ತಗ್ಗಿದಾಗ ಚಕ್ರಗಳ ಮುಖ ತುಸು ಒಳಕ್ಕೋ ಹೊರಕ್ಕೋ ತಿರುಗುತ್ತದೆ. 14 ಇಂಚಿನ ರಿಮ್ಮಿನಲ್ಲಿ ಒಟ್ಟು 3 ಮಿ.ಮೀ. ತಪ್ಪಿದರೆ ಒಂದೊಂದು ಟಯರೂ ಕಿಲೋಮೀಟರಿಗೆ ನಾಲ್ಕು ಮೀಟರಿಗಿಂತ ಹೆಚ್ಚು ಅಡ್ಡಕ್ಕೆ ಉಜ್ಜಿದ ಹಾಗೆ. ಟಯರಿನ ಮೇಲೆ ಅಂಗೈಯನ್ನು ಅಡ್ಡಕ್ಕೆ ಎರಡೂ ದಿಕ್ಕಿಗೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಚೂಪು ಅಂಚು ತಾಗಿದರೆ ಅದು ಟೋ. ಎರಡೂ ಕಡೆಗೆ ನುಣುಪಾಗಿಯೇ ಇದ್ದು ಒಳಬದಿ ಮಾತ್ರ ಸವೆದಿದ್ದರೆ ಕ್ಯಾಂಬರ್.

ಹೊಸ ಸ್ಪ್ರಿಂಗ್ ಕೂರಿಸಿದ ಕೂಡಲೇ ಒಮ್ಮೆ, ಕೆಲವು ನೂರು ಕಿ.ಮೀ. ಓಡಿ ಸ್ಪ್ರಿಂಗ್ ಹದವಾದ ಮೇಲೆ ಇನ್ನೊಮ್ಮೆ ಅಲೈನ್‌ಮೆಂಟ್ ಮಾಡಿಸಿ. ಸರಿ ಮಾಡುವ ಮೊದಲಿನ ಅಂಕಿ, ಆಮೇಲಿನ ಅಂಕಿ ಎರಡೂ ಇರುವ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಹಿಂದಿನ ಬೀಮಿನಲ್ಲಿ ಸಾಮಾನ್ಯವಾಗಿ ಹೊಂದಿಸುವ ಬೋಲ್ಟೇ ಇರುವುದಿಲ್ಲ. ಅಲ್ಲಿನ ಅಂಕಿ ಎಡಕ್ಕೊಂದು ಬಲಕ್ಕೊಂದು ಬಂದರೆ ಸ್ಪ್ರಿಂಗನ್ನು ದೂರುವ ಮೊದಲು ಬೀಮ್ ಬಾಗಿದೆಯೇ ನೋಡಿಸಿ.