ಟಿಕ್ಸ್‌ಗೆ ತಲೆ ಆಪರೇಷನ್ ಮಾಡಿಸೋಣ್ರಿ ಅನ್ನುವ ಮುಂಚೆ

"ಸಾರ್, ನಮ್ಮ ಹುಡುಗಗೂ ಇದನ್ನೇ ಮಾಡಿಸೋಣ್ರಿ." ಮೊಬೈಲಿನಲ್ಲಿ ವಿಡಿಯೋ ತೋರಿಸಿ ಹೀಗೆ ಕೇಳುವ ತಂದೆ ತಾಯಿ ಈಗೀಗ ಬಳ್ಳಾರಿಯ ನಮ್ಮ ಓಪಿಡಿಗೂ ಬರುತ್ತಾರೆ. ಕೈ, ಕತ್ತು ಎಲ್ಲ ಜಗ್ಗುತ್ತಿದ್ದ ಯಾರೋ ವಿದೇಶದವನು, ಮೆದುಳಿಗೆ ಇಟ್ಟ ಮಷಿನ್ ಆನ್ ಮಾಡಿದ ಕೂಡಲೇ ತಣ್ಣಗೆ ಕೂರುತ್ತಾನೆ. ಪಕ್ಕದಲ್ಲಿ ನಿಂತ ಇವರ ಹುಡುಗನಿಗೆ ಎಂಟು ವರ್ಷ. ಕಣ್ಣು ಮಿಟುಕಿಸುತ್ತಾನೆ, ಆಗಾಗ ಗಂಟಲಲ್ಲಿ ಸದ್ದು ಮಾಡುತ್ತಾನೆ, ಅಷ್ಟೇ. ಇವನಿಗೆ ಆಪರೇಷನ್ ಹಾಗಿರಲಿ, ಮಾತ್ರೆಯೂ ಬೇಕಾಗಿಲ್ಲ.

ಹೀಗೆ ಬೇಡವೆಂದರೂ ಮತ್ತೆ ಮತ್ತೆ ಬರುವ ಜಗ್ಗಾಟ, ಸದ್ದುಗಳೇ ಟಿಕ್ಸ್. ಇವು ಸಾಮಾನ್ಯವಾಗಿ 5ರಿಂದ 7 ವರ್ಷದೊಳಗೆ ಶುರುವಾಗಿ, 10–12ರ ಹೊತ್ತಿಗೆ ಜೋರಾಗಿ, ಹದಿಹರೆಯ ಮುಗಿಯುವಷ್ಟರಲ್ಲಿ ಹೆಚ್ಚಿನ ಮಕ್ಕಳಲ್ಲಿ ತಾವಾಗಿಯೇ ಇಳಿಯುತ್ತವೆ. ಮೈ ಜಗ್ಗುವ ಟಿಕ್ಸ್ ಹಲವು, ಜೊತೆಗೆ ಸದ್ದಿನದು ಒಂದಾದರೂ ಇದ್ದು, ವರ್ಷ ದಾಟಿದರೆ ಅದನ್ನು ಟುರೆಟ್ ಸಿಂಡ್ರೋಮ್ ಅನ್ನುತ್ತೇವೆ. ಇದು ಚಟ ಅಲ್ಲ. ಗಾಳಿ ಸೋಕಿದ್ದೂ ಅಲ್ಲ, ತಾಯತ ಕಟ್ಟಿಸಿದವರು ಬೇಜಾರು ಮಾಡಿಕೊಳ್ಳಬೇಡಿ. ಸೀನು ಬರುವ ಮುಂಚೆ ಮೂಗಿನಲ್ಲಿ ಆಗುತ್ತದಲ್ಲ, ಅಂಥದ್ದೇ ಒಂದು ತಳಮಳ ಒಳಗೆ ಏಳುತ್ತದೆ. ಸ್ವಲ್ಪ ಹೊತ್ತು ತಡೆಯಬಹುದು, ಆಮೇಲೆ ಬಿಡಲೇಬೇಕು. "ಸಾಲ್ಯಾಗ ಸುಮ್ನಿರ್ತಾನ್ರಿ, ಮನ್ಯಾಗ ಮಾತ್ರ ಮಾಡ್ತಾನ" ಅಂತ ದೂರುತ್ತಾರೆ. ದಿನವಿಡೀ ತಡೆದು ಕೂತವನು ಮನೆಗೆ ಬಂದು ಸಡಿಲ ಬಿಡುತ್ತಾನೆ, ಅದರಲ್ಲಿ ಆಶ್ಚರ್ಯ ಏನಿದೆ? ಬೈದರೆ ಜಾಸ್ತಿಯಾಗುತ್ತದೆ. ಶಾಲೆಯ ಮಾಸ್ತರಿಗೆ ಒಂದು ಚೀಟಿ ಬರೆದುಕೊಡುವುದೇ ಎಷ್ಟೋ ಸಲ ನನ್ನ ಚಿಕಿತ್ಸೆ.

ಹಾಗಾದರೆ ವಿಡಿಯೋದಲ್ಲಿ ಕಂಡ ಆ ಮೆದುಳಿನ ಮಷಿನ್, ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಅಂದರೆ ಡಿಬಿಎಸ್, ಯಾರಿಗೆ?

ಇಲ್ಲಿ ಜೀನ್ಸ್ ಹೊಲಿಯುವ ಯುವಕನೊಬ್ಬ ನನ್ನ ಹತ್ತಿರ ಬರುತ್ತಾನೆ. ಮಷಿನ್ ಮುಂದೆ ಕೂತು ಹೊಲಿಗೆಯ ಗೆರೆಗೆ ಕಣ್ಣಿಟ್ಟಷ್ಟು ಹೊತ್ತು ಅವನ ಕತ್ತು ಹೆಚ್ಚುಕಮ್ಮಿ ನಿಂತೇ ಇರುತ್ತದೆ. ಟೀ ಕುಡಿಯೋಕೆ ಎದ್ದನೋ, ರಪ್ ಅಂತ ಹಿಂದಕ್ಕೆ ಎಳೆಯುತ್ತದೆ, ಮತ್ತೆ ಮತ್ತೆ. ಮನಸ್ಸು ಒಂದು ಕಡೆ ನೆಟ್ಟಾಗ ಟಿಕ್ಸ್ ಕಡಿಮೆಯಾಗುವುದು ಈ ಕಾಯಿಲೆಯ ಗುಣ. ಅವನಿಗೆ ಅರಿಪಿಪ್ರಜೋಲ್ ಮಾತ್ರೆ ಹಿಡಿಯಿತು. ಹಿಡಿಯದೆ ಹೋಗುವವರೂ ಇದ್ದಾರೆ, ಸಂಖ್ಯೆ ಕಡಿಮೆ. ಕತ್ತಿನ ಜಗ್ಗಾಟಕ್ಕೆ ಬೆನ್ನುಹುರಿಯೇ ಒತ್ತಿಕೊಂಡು ಕೈಕಾಲು ಸೋಲುವುದು, ತಾವೇ ಹೊಡೆದುಕೊಂಡು ಕಣ್ಣಿಗೆ ಏಟು ಮಾಡಿಕೊಳ್ಳುವುದು, ಇಂಥವೆಲ್ಲ ಆಗುವುದುಂಟು. ಡಿಬಿಎಸ್ ಮಾತು ಬರುವುದು ಇಂಥವರಿಗೆ. ಅದಕ್ಕೂ ಮುಂಚೆ ಕ್ಲೋನಿಡಿನ್, ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್ ಮಾತ್ರೆಗಳನ್ನೆಲ್ಲ ಸರಿಯಾದ ಡೋಸಿನಲ್ಲಿ ಕೊಟ್ಟು ನೋಡಿಯಾಗಿರಬೇಕು. ತಳಮಳ ಎದ್ದಾಗ ಅದಕ್ಕೆ ಎದುರಾದ ಚಲನೆ ಮಾಡಿ ತಡೆಯುವ ತರಬೇತಿಯೂ ಆಗಿರಬೇಕು. ಅದನ್ನು ಕಲಿಸುವವರು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸಿಗುವುದು ಕಷ್ಟ. ನಿಜ ಹೇಳಬೇಕೆಂದರೆ ಡಿಬಿಎಸ್ ಇಲ್ಲ ಅನ್ನುವುದಕ್ಕಿಂತ ಇದು ನನಗೆ ಜಾಸ್ತಿ ಬೇಸರ ತರುತ್ತದೆ.

ಈಗಿನ ರೂಪದ ಡಿಬಿಎಸ್ 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಮೆದುಳಿನ ಸರ್ಜನ್ ಬೆನಾಬಿದ್ ಅವರಿಂದ ಶುರುವಾಯಿತು, ಅದು ಕೈ ನಡುಕಕ್ಕೆ. ಟುರೆಟ್‌ಗೆ ಮೊದಲು ಮಾಡಿದ ವರದಿ 1999ರಲ್ಲಿ ನೆದರ್‌ಲೆಂಡ್ಸ್‌ನಿಂದ ಬಂತು. ಔಷಧ, ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಎಫ್‌ಡಿಎ ಸಂಸ್ಥೆ ಪಾರ್ಕಿನ್ಸನ್ ಕಾಯಿಲೆಗೆ 2002ರಲ್ಲೇ ಒಪ್ಪಿಗೆ ಕೊಟ್ಟರೂ ಟಿಕ್ಸ್‌ಗೆ ಕೊಟ್ಟಿಲ್ಲ. 2018ರಲ್ಲಿ 10 ದೇಶಗಳ 185 ರೋಗಿಗಳ ಲೆಕ್ಕ ಪ್ರಕಟವಾಯಿತು. ಒಂದು ವರ್ಷದ ನಂತರ ಟಿಕ್ಸ್‌ನ ತೀವ್ರತೆಯ ಅಂಕ ಸರಾಸರಿ 45% ಇಳಿದಿತ್ತು. ಸರಾಸರಿ, ಗಮನಿಸಿ. ಕೆಲವರಿಗೆ ತುಂಬಾ ಇಳಿಯುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಪೂರ್ತಿ ಹೋಗುತ್ತದೆ ಅಂದುಕೊಂಡು ಹೋದವರು ನಿರಾಸೆಯಿಂದ ಬರುತ್ತಾರೆ. ತಲೆಯೊಳಗೆ ರಕ್ತಸ್ರಾವ ನೂರಕ್ಕೆ ಒಬ್ಬರ ಆಸುಪಾಸು, ಸೋಂಕು ಮೂವರ ಆಸುಪಾಸು ಆಗಿತ್ತು.

ಆಪರೇಷನ್‌ನಲ್ಲಿ ತಲೆಬುರುಡೆಗೆ ಎರಡು ಸಣ್ಣ ತೂತು ಕೊರೆದು, ಒಂದು ಮಿಲಿಮೀಟರ್ ಚಿಲ್ಲರೆ ದಪ್ಪದ ತಂತಿಗಳನ್ನು ಮೆದುಳಿನ ಆಳದ ಥಲಾಮಸ್ ಅಥವಾ ಗ್ಲೋಬಸ್ ಪ್ಯಾಲಿಡಸ್ ಅನ್ನುವ ಜಾಗಕ್ಕೆ ಇಳಿಸುತ್ತಾರೆ. ಅಲ್ಲಿಂದ ಕಿವಿಯ ಹಿಂದೆ, ಚರ್ಮದ ಅಡಿಯಲ್ಲೇ ವೈರು ಬಂದು ಎದೆಯ ಬ್ಯಾಟರಿಗೆ ಸೇರುತ್ತದೆ. ಇದು ಸುಲಭದ ಭಾಗ (ಮಾಡುವ ಸರ್ಜನ್ ಒಪ್ಪಲಿಕ್ಕಿಲ್ಲ). ಕಷ್ಟ ಇರುವುದು ಆಮೇಲೆ. ತಂತಿಯ ಯಾವ ಬಿಂದುವಿಗೆ ಎಷ್ಟು ಕರೆಂಟು ಅಂತ ತಿಂಗಳುಗಟ್ಟಲೆ ಹೊಂದಿಸುತ್ತಾ ಹೋಗಬೇಕು. ಸ್ವಲ್ಪ ಜಾಸ್ತಿಯಾದರೆ ಮಾತು ತೊದಲುತ್ತದೆ, ಕೈ ಜುಮ್ಮೆನ್ನುತ್ತದೆ. ಕಮ್ಮಿಯಾದರೆ ಟಿಕ್ಸ್ ಇದ್ದಲ್ಲೇ ಇರುತ್ತವೆ. ವಿಡಿಯೋದಲ್ಲಿ ಈ ಭಾಗವನ್ನು ಯಾರೂ ಹಾಕುವುದಿಲ್ಲ. ಅದಕ್ಕೇ ನಾನು ಮನೆಯವರಿಗೆ ಮೊದಲು ಕೇಳುವುದು ದುಡ್ಡಿನ ಮಾತಲ್ಲ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ನಿಮ್ಹಾನ್ಸ್‌ಗೋ ಇನ್ನೆಲ್ಲಿಗೋ ಮತ್ತೆ ಮತ್ತೆ ಹೋಗಿಬರಲು ಜೊತೆಗೆ ಯಾರಿದ್ದಾರೆ, ಅವರ ಕೂಲಿ ತಪ್ಪಿದರೆ ಮನೆ ನಡೆಯುತ್ತದಾ ಅಂತ. ಉತ್ತರ ಇಲ್ಲದಿದ್ದರೆ ಕಾಯುವುದೇ ವಾಸಿ. ಬ್ಯಾಟರಿಯೂ ಶಾಶ್ವತ ಅಲ್ಲ. ಚಾರ್ಜ್ ಮಾಡಲಾಗದ ನಮೂನೆಯದು ಸುಮಾರು 3ರಿಂದ 5 ವರ್ಷಕ್ಕೆ ಮುಗಿಯುತ್ತದೆ, ಮತ್ತೆ ಎದೆ ಕೊಯ್ದು ಬದಲಿಸಬೇಕು.

ನಮ್ಮ ಜಿಲ್ಲೆಗೆ ಇನ್ನೊಂದು ಮಾತಿದೆ. ತೋರಣಗಲ್ಲಿನ ಕಡೆ ಸ್ಟೀಲ್ ಕೆಲಸ, ಊರೂರಲ್ಲಿ ವೆಲ್ಡಿಂಗ್ ಶಾಪ್. ಆರ್ಕ್ ವೆಲ್ಡಿಂಗ್ ಮಷಿನ್, ಇಂಡಕ್ಷನ್ ಫರ್ನೇಸ್ ಹತ್ತಿರದ ಕೆಲಸ ಈ ಸಾಧನಕ್ಕೆ ಆಗಿಬರುವುದಿಲ್ಲ, ಹಾಗಾಗಿ ಹುಡುಗ ಯಾವ ಕೆಲಸ ಮಾಡುತ್ತಾನೆ ಅನ್ನುವುದನ್ನು ಆಪರೇಷನ್‌ಗೆ ಮುಂಚೆಯೇ ಹೇಳಿ. ಸೊಂಟ ಹಿಡಿಯಿತು ಅಂತ ಫಿಸಿಯೋಥೆರಪಿಗೆ ಹೋಗಿ "ಕರೆಂಟ್ ಕೊಡಿಸಿಕೊಳ್ಳುವುದು" ಇಲ್ಲಿ ಮಾಮೂಲು. ಅದರಲ್ಲಿ ಡೈಥರ್ಮಿ ಅನ್ನುವ ಶಾಖದ ಚಿಕಿತ್ಸೆಯನ್ನು ಡಿಬಿಎಸ್ ಇದ್ದವರಿಗೆ ಯಾವ ಕಾರಣಕ್ಕೂ ಕೊಡುವಂತಿಲ್ಲ. ತಂತಿಯ ತುದಿ ಕಾದು ಮೆದುಳು ಸುಟ್ಟು ಜೀವವೇ ಹೋಗಬಹುದು. ಆಸ್ಪತ್ರೆಯವರು ಕೊಟ್ಟ ಡಿವೈಸ್ ಕಾರ್ಡ್ ಅನ್ನು ಬೀರುವಿನಲ್ಲಿ ಇಡಬೇಡಿ. ಜೇಬಿನಲ್ಲೇ ಇರಲಿ, ಹಲ್ಲಿನ ಡಾಕ್ಟರಿಗೂ ಮೊದಲು ಅದನ್ನೇ ತೋರಿಸಿ.