ಗಟ್ಟಿಯಾದ ಲಿವರ್ ಮತ್ತೆ ಮೆತ್ತಗಾಗಬಲ್ಲದು

ಲಿವರ್ ಬಯಾಪ್ಸಿಯಲ್ಲಿ ಸೂಜಿಗೆ ಸಿಗುವುದು ದಾರದಂಥ ಒಂದು ಚೂರು. ಉದ್ದ ಒಂದೂವರೆ, ಎರಡು ಸೆಂಟಿಮೀಟರ್ ಇರಬಹುದು ಅಷ್ಟೇ. ಅದನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಕಲೆ ಕಟ್ಟಿದ ಜಾಗವೆಲ್ಲ ನೀಲಿಯಾಗಿ ಕಾಣುತ್ತದೆ. ಸಿರೋಸಿಸ್ ಆದ, ಅಂದರೆ ಕಲೆ ಕಟ್ಟಿ ಗಟ್ಟಿಯಾದ ಲಿವರ್‌ನಲ್ಲಿ ಈ ನೀಲಿ, ಗದ್ದೆಯ ಬದುಗಳ ಹಾಗೆ ಅಡ್ಡಡ್ಡ ಹಬ್ಬಿರುತ್ತದೆ. ಒಂದೊಂದು ಬದುವಿನ ನಡುವೆ ಲಿವರ್ ಕೋಶಗಳ ಗುಂಪು ಸಿಕ್ಕಿಹಾಕಿಕೊಂಡಿರುತ್ತದೆ.

ಈ ಬದು ಒಮ್ಮೆ ಎದ್ದರೆ ಮುಗೀತು, ಕರಗುವುದಿಲ್ಲ ಎಂದೇ ವೈದ್ಯರು ಬಹಳ ಕಾಲ ಹೇಳುತ್ತಿದ್ದರು. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ಮಾತನ್ನು ಅಲುಗಾಡಿಸಿತು. ದೀರ್ಘಕಾಲದ ಹೆಪಟೈಟಿಸ್ ಬಿ (ವೈರಸ್‌ನಿಂದ ಬರುವ ಲಿವರ್ ಸೋಂಕು) ಇದ್ದವರಿಗೆ ಐದು ವರ್ಷ ಟೆನೊಫೊವಿರ್ ಮಾತ್ರೆ ಕೊಟ್ಟರು. ಅವರಲ್ಲಿ 348 ಜನರಿಗೆ ಶುರುವಿನಲ್ಲೊಮ್ಮೆ, ಐದು ವರ್ಷದ ನಂತರ ಇನ್ನೊಮ್ಮೆ ಬಯಾಪ್ಸಿ ಮಾಡಿದ್ದರು. ಮೊದಲು ಸಿರೋಸಿಸ್ ಇದ್ದವರು 96 ಜನ. ಎರಡನೇ ಬಯಾಪ್ಸಿಯಲ್ಲಿ ಅವರಲ್ಲಿ 71 ಜನರಿಗೆ ಸಿರೋಸಿಸ್ ಇರಲಿಲ್ಲ! ಈ ಸಂಖ್ಯೆ ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಹಾಗಾದರೆ ಮಾತ್ರೆಯೇ ಕಲೆಯನ್ನು ಕರಗಿಸಿತಾ? ಇಲ್ಲ. ವೈರಸ್ ತನ್ನ ಪ್ರತಿ ಮಾಡಿಕೊಳ್ಳುವುದನ್ನು ಟೆನೊಫೊವಿರ್ ತಡೆಯುತ್ತದೆ, ಅಷ್ಟೇ. ಉಳಿದ ಕೆಲಸವೆಲ್ಲ ಲಿವರ್‌ನದು.

ಲಿವರ್‌ನಲ್ಲಿ ನಕ್ಷತ್ರದ ಆಕಾರದ ಕೆಲವು ಕೋಶಗಳಿವೆ. ಕುಪ್ಫರ್ ಎಂಬ ವಿಜ್ಞಾನಿ ಅವನ್ನು 1876ರಲ್ಲೇ ಗುರುತಿಸಿದ್ದರು. ಸಾಮಾನ್ಯ ದಿನಗಳಲ್ಲಿ ಇವು ಎ ವಿಟಮಿನ್ ಕೂಡಿಟ್ಟುಕೊಂಡು ಸುಮ್ನೆ ಇರುತ್ತವೆ. ಸೋಂಕಿನಿಂದ ಉರಿಯೂತ ಶುರುವಾದರೆ ಆ ವಿಟಮಿನ್ ಕಳೆದುಕೊಂಡು, ರೂಪ ಬದಲಿಸಿ, ಕಲೆಯಾಗುವ ಕೊಲಾಜನ್ ನಾರು ನೇಯತೊಡಗುತ್ತವೆ. ಗಾಯ ಮುಚ್ಚಲು ಇದು ಬೇಕು. ಆದರೆ ವೈರಸ್ ವರ್ಷಗಟ್ಟಲೆ ಕೆರೆಯುತ್ತಲೇ ಇದ್ದರೆ ನೇಯ್ಗೆಯೂ ನಿಲ್ಲುವುದಿಲ್ಲ. ಕೆರೆತ ನಿಂತಾಗ ಈ ಕೋಶಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಮತ್ತೆ ತಣ್ಣಗಾಗುತ್ತವೆ. ಕೊಲಾಜನ್ ಕತ್ತರಿಸುವ ಕಿಣ್ವಗಳು ಲಿವರ್‌ನಲ್ಲೇ ಇವೆ. ಇಷ್ಟು ದಿನ ಕಟ್ಟಿಹಾಕಿದಂತಿದ್ದ ಅವು ಈಗ ಕೆಲಸಕ್ಕೆ ಇಳಿಯುತ್ತವೆ. ತೆಳು ಬದುಗಳು ಮೊದಲು ಹೋಗುತ್ತವೆ. ದಪ್ಪಗೆ, ಹಳತಾಗಿ ಹೆಣೆದುಕೊಂಡವು ಪೂರ್ತಿ ಹೋಗದೆಯೂ ಇರಬಹುದು.

ಫೈಬ್ರೋಸ್ಕ್ಯಾನ್ ಮಾಡಿಸಿದವರಿಗೆ ಒಂದು ಮಾತು. ಮಾತ್ರೆ ಶುರುವಾದ ಕೆಲವೇ ತಿಂಗಳಲ್ಲಿ ಅದರ ಅಂಕಿ ಚೆನ್ನಾಗಿ ಇಳಿದರೆ, ಅದೆಲ್ಲ ಕಲೆ ಕರಗಿದ್ದು ಅಂದುಕೊಳ್ಳಬೇಡಿ. ಆ ಯಂತ್ರ ಅಳೆಯುವುದು ಲಿವರ್‌ನ ಗಡಸುತನವನ್ನು. ಊತ ಇಳಿದರೂ ಗಡಸು ಕಡಿಮೆಯಾಗುತ್ತದೆ. ಕಲೆ ಕರಗಲು ವರ್ಷಗಳೇ ಬೇಕು.

ಹೆಪಟೈಟಿಸ್ ಸಿ ಕಥೆ ಬೇರೆ. ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಲ್ಲಿ ಆ ವೈರಸ್ ಹೆಚ್ಚಿನವರ ಮೈಯಿಂದ ಪೂರ್ತಿ ಹೋಗುತ್ತದೆ. ಬಿ ವೈರಸ್ ಹಾಗಲ್ಲ. ಅದು ಲಿವರ್ ಕೋಶದ ನ್ಯೂಕ್ಲಿಯಸ್‌ನೊಳಗೆ ಪುಟ್ಟ ಡಿಎನ್‌ಎ ಉಂಗುರವಾಗಿ ಉಳಿದುಬಿಡುತ್ತದೆ. ರಿಪೋರ್ಟ್ ಚೆನ್ನಾಗಿದೆ ಅಂತ ತಾವಾಗಿಯೇ ಮಾತ್ರೆ ಬಿಟ್ಟರೆ ಅದು ಮತ್ತೆ ಏಳಬಹುದು, ಕೆಲವೊಮ್ಮೆ ಜೀವಕ್ಕೇ ಕುತ್ತು ತರಬಹುದು. ದುಡ್ಡಿನ ಚಿಂತೆಯಿಂದ ಬಿಡುವವರಿದ್ದರೆ ಇದು ಗೊತ್ತಿರಲಿ: 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಈ ಔಷಧಿ ಉಚಿತ. ಸಿರೋಸಿಸ್ ಇದ್ದವರಿಗೆ ಕಲೆ ಕಡಿಮೆಯಾದ ಮೇಲೂ ಲಿವರ್ ಕ್ಯಾನ್ಸರ್‌ನ ಭಯ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿಸಲು ಹೇಳುತ್ತಾರೆ.

ಆ 96 ಜನರಲ್ಲಿ 25 ಜನರಿಗೆ ಸಿರೋಸಿಸ್ ಹಾಗೇ ಉಳಿಯಿತಲ್ವಾ? ಮೈತೂಕ ಜಾಸ್ತಿ ಇದ್ದವರಲ್ಲಿ ಹೀಗಾಗುವುದು ಹೆಚ್ಚು ಎಂದು ಅದೇ ಅಧ್ಯಯನದಲ್ಲಿ ಕಂಡುಬಂತು. ವೈರಸ್ ಸುಮ್ಮನಾದರೂ ಲಿವರ್‌ನಲ್ಲಿ ತುಂಬಿದ ಕೊಬ್ಬು ಅದನ್ನು ಕೆರೆಯುತ್ತಲೇ ಇರಬಹುದು.